ಸುಟ್ಟ ಕಾಡಿನ ಮರುಹುಟ್ಟು: ರಾಕಿ ಪರ್ವತಪ್ರಾಂತದ ಒಂದು ಶತಮಾನದ ಚರಿತ್ರೆ

ಕಾಳ್ಗಿಚ್ಚಿಗೆ ತಾರೀಖುಂಟು, ಸುಟ್ಟ ಕಾಡು ಮರಳಿ ಹುಟ್ಟಿದ್ದಕ್ಕೆ ತಾರೀಖಿಲ್ಲ. ಬೆಂಕಿ ಹತ್ತಿದ ದಿನ, ಅದು ಆರಿದ ದಿನ, ಸುಟ್ಟ ಎಕರೆಗಳು, ಮಡಿದವರ ಸಂಖ್ಯೆ ಇವೆಲ್ಲ ಸರಕಾರಿ ದಫ್ತರಗಳಲ್ಲಿ ಸೇರುತ್ತವೆ. ಬೂದಿಯೊಳಗಿನಿಂದ ಮೊದಲ ಸಸಿ ಎಂದು ತಲೆಯೆತ್ತಿತು, ಎತ್ತದೆ ಹೋದ ಕಡೆ ಏತಕ್ಕಾಗಿ ಎತ್ತಲಿಲ್ಲ ಎಂಬುದು ಬಹುಕಾಲ ಯಾರ ಲೆಕ್ಕಕ್ಕೂ ಬರುವುದಿಲ್ಲ. ಪಂಪನೂ ಕುಮಾರವ್ಯಾಸನೂ ಖಾಂಡವದಹನವನ್ನು ವರ್ಣಿಸಿದರು. ಆ ಬೂದಿಯ ಮೇಲೆ ಮುಂದಿನ ಮಳೆಗಾಲದಲ್ಲಿ ಏನು ಚಿಗುರಿತೆಂದು ಹೇಳುವ ಗೋಜಿಗೆ ಹೋಗಲಿಲ್ಲ. ಕವಿಗಳಿಗೆ ಅದು ಬೇಕಾಗಿರಲಿಲ್ಲ. ಅರಣ್ಯಾಧಿಕಾರಿಗಳಿಗೆ ಬೇಕಾಗಿತ್ತು, ಆದರೂ ಅವರು ಬಹಳ ತಡವಾಗಿಯೇ ಆ ಪ್ರಶ್ನೆಯ ಕಡೆಗೆ ತಿರುಗಿದರು.

ಬೆಂಕಿಯ ದಾಖಲೆಯೂ ಮರುಹುಟ್ಟಿನ ದಾಖಲೆಯೂ ಒಂದೇ ನೆಲದಲ್ಲಿ ನೂರು ವರ್ಷಗಳಿಗೂ ಮೀರಿ ದೊರೆಯುವ ಪ್ರದೇಶಗಳಲ್ಲಿ ಅಮೇರಿಕಾ ಸಂಯುಕ್ತ ಸಂಸ್ಥಾನದ ರಾಕಿ ಪರ್ವತಪ್ರಾಂತವು ಮುಖ್ಯವಾದುದು. ಸೂಜಿಯಂಥ ಎಲೆಯ, ಶಂಕುವಿನಾಕಾರದ ಕಾಯಿ ಬಿಡುವ ಪೈನ್, ಫರ್, ಸ್ಪ್ರೂಸ್ ಮರಗಳ ಕಾಡುಗಳು ಅಲ್ಲಿ ಬೆಟ್ಟಸಾಲುಗಳನ್ನೆಲ್ಲ ಹೊದ್ದುಕೊಂಡಿವೆ. ಈ ಕಾಡುಗಳ ವಿಷಯದಲ್ಲಿ ಅಲ್ಲಿಯ ಸರಕಾರವು ಮೊದಲು ಬೆಂಕಿಯನ್ನು ವೈರಿಯೆಂದು ಬಗೆಯಿತು. ಅನಂತರ ಅರ್ಧಮನಸ್ಸಿನಿಂದ ಮಿತ್ರನೆಂದು ಒಪ್ಪಿತು. ಎರಡು ನಿರ್ಣಯಗಳೂ ಒಂದೊಂದು ಮಹಾದಹನದಿಂದ ಪರೀಕ್ಷೆಗೊಳಗಾದುವು. ಆ ಎರಡು ದಹನಗಳೂ ಪರಾಕಾಷ್ಠೆಗೇರಿದ್ದು ಆಗಸ್ಟ್ 20ರಂದು ಎಂಬುದು ಕೇವಲ ಕಾಕತಾಳೀಯವಿರಬಹುದು; ಆದರೆ ಆ ಸೀಮೆಯ ಹಿಮ ಕರಗಿ, ಬೇಸಗೆಯೆಲ್ಲ ಒಣಗಿ, ಗಾಳಿ ಏಳುವ ಕಾಲವೇ ಅದು.

1910ರ ವಸಂತದಲ್ಲಿ ಐಡಾಹೋ ಮತ್ತು ಮೊಂಟಾನಾ ಪ್ರಾಂತಗಳಲ್ಲಿ ಮಳೆ ಕೈಕೊಟ್ಟಿತು. ಬೆಟ್ಟದ ಮೇಲಿನ ಹಿಮವು ವಾಡಿಕೆಗಿಂತ ಮೊದಲೇ ಕರಗಿಹೋಯಿತು. ಆಗಸ್ಟ್ ತಿಂಗಳ ಹೊತ್ತಿಗೆ ಸಿಡಿಲಿನಿಂದಲೂ ರೈಲುಗಾಡಿಗಳ ಕಿಡಿಗಳಿಂದಲೂ ನೂರಾರು ಕಡೆ ಸಣ್ಣಪುಟ್ಟ ಬೆಂಕಿಗಳು ಎದ್ದಿದ್ದುವು. 20ನೆಯ ತಾರೀಖು ಬಿರುಗಾಳಿ ಬೀಸಿತು. ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಬೂದಿಯಾಯಿತು. ಕಡಮೆಯೆಂದರೆ 85 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಬೆಂಕಿಯಾರಿಸಲು ದಿನಗೂಲಿಗೆ ಬಂದವರು. ವಾಲೇಸ್ ಪಟ್ಟಣದ ಸಮೀಪ ಎಡ್ ಪುಲಾಸ್ಕಿ ಎಂಬ ಅರಣ್ಯರಕ್ಷಕನು ತನ್ನ ಆಳುಗಳನ್ನು ಒಂದು ಹಳೆಯ ಗಣಿಸುರಂಗದೊಳಕ್ಕೆ ನುಗ್ಗಿಸಿ, ಹೆದರಿ ಹೊರಗೋಡಲೆತ್ನಿಸಿದವರಿಗೆ ಪಿಸ್ತೂಲು ತೋರಿಸಿ ತಡೆದು, ಐವರ ಹೊರತು ಮಿಕ್ಕವರನ್ನು ಬದುಕಿಸಿದ ಕಥೆ ಅಲ್ಲಿ ಇಂದಿಗೂ ಮನೆಮಾತು. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯಿರುವ, ಅವನ ಹೆಸರನ್ನೇ ಹೊತ್ತ ಹತಾರವು ಈಗಲೂ ಬೆಂಕಿಯಾರಿಸುವವರ ಕೈಯಲ್ಲಿದೆ.

ಅರಣ್ಯ ಖಾತೆಯು ಸ್ಥಾಪನೆಯಾಗಿ ಆಗ ಐದು ವರ್ಷಗಳು ಮಾತ್ರ ಆಗಿದ್ದುವು. ಆ ದಹನವನ್ನು ಕಣ್ಣಾರೆ ಕಂಡ ಇಬ್ಬರು ಯುವಕ ಅಧಿಕಾರಿಗಳ ಹೆಸರನ್ನು ಇಲ್ಲಿ ಪ್ರತ್ಯೇಕವಾಗಿ ಎತ್ತಿ ಹೇಳಬೇಕು. ಒಬ್ಬನು ಮಿಸೂಲಾ ನಗರದ ಕಚೇರಿಯಲ್ಲಿದ್ದುಕೊಂಡು ಆಳುಗಳನ್ನೂ ಸರಕನ್ನೂ ಒದಗಿಸುತ್ತಿದ್ದ ಫರ್ಡಿನೆಂಡ್ ಸಿಲ್ಕಾಕ್ಸ್. ಇನ್ನೊಬ್ಬನು ಲೋಲೋ ಅರಣ್ಯದ ಮೇಲ್ವಿಚಾರಕನಾಗಿದ್ದ ಎಲರ್ಸ್ ಕಾಚ್. ಕಾಚ್‌ನು 1907ರಲ್ಲಿ ಸ್ಯಾವನ್ಯಾಕ್ ಎಂಬಲ್ಲಿ ಸಸಿಗಳ ತೋಟವೊಂದನ್ನು ಆರಂಭಿಸಿದ್ದನು. ಅದೂ ಆ ಬೆಂಕಿಗೆ ಆಹುತಿಯಾಯಿತು, ಮರಳಿ ಕಟ್ಟಬೇಕಾಯಿತು. ಒಂದೇ ಬೆಂಕಿಯನ್ನು ಕಂಡ ಇವರಿಬ್ಬರೂ ಇಪ್ಪತ್ತೈದು ವರ್ಷಗಳ ತರುವಾಯ, ಒಂದೇ ವರ್ಷದಲ್ಲಿ, ಪರಸ್ಪರ ವಿರುದ್ಧವಾದ ಎರಡು ತೀರ್ಪುಗಳನ್ನು ಕೊಟ್ಟರು. ಅದನ್ನು ತಿಳಿಯುವ ಮೊದಲು ಈ ಮರಗಳು ಹುಟ್ಟುವ ಬಗೆಯನ್ನು ಅರಿತುಕೊಳ್ಳುವುದು ಅವಶ್ಯ.

ಕನ್ನಡನಾಡಿನ ಎಲೆಯುದುರುವ ಕಾಡುಗಳಲ್ಲಿ ಬೆಂಕಿ ಬಿದ್ದರೆ ತೇಗವೋ ದಿಂಡಲೋ ಮೇಲೆ ಸುಟ್ಟರೂ ಬೊಡ್ಡೆಯಲ್ಲಿ ಜೀವ ಉಳಿಸಿಕೊಂಡಿರುತ್ತದೆ. ಮಳೆ ಬಿದ್ದೊಡನೆ ಬುಡದಿಂದ ಚಿಗುರುತ್ತದೆ. ರಾಕಿ ಪರ್ವತದ ಪೈನ್ ಜಾತಿಗಳಿಗೆ ಈ ಭಾಗ್ಯವಿಲ್ಲ. ಮರ ಸತ್ತರೆ ಸತ್ತಿತು. ಮುಂದಿನ ಕಾಡು ಬೀಜದಿಂದಲೇ ಬರಬೇಕು. ಆದಕಾರಣ ಮರುಹುಟ್ಟಿನ ಪ್ರಶ್ನೆಯೆಲ್ಲ ಕೊನೆಗೆ ಎರಡು ಪ್ರಶ್ನೆಗಳಾಗಿ ನಿಲ್ಲುತ್ತದೆ. ಬೀಜ ಎಲ್ಲಿಂದ ಬರಬೇಕು? ಬಂದ ಬೀಜ ಮೊಳೆತು ಮೊದಲ ಕೆಲವು ಬೇಸಗೆಗಳನ್ನು ದಾಟಬಲ್ಲುದೆ?

ಮೊದಲ ಪ್ರಶ್ನೆಗೆ ಬೇರೆಬೇರೆ ಮರಗಳು ಬೇರೆಬೇರೆ ಉತ್ತರ ಕಂಡುಕೊಂಡಿವೆ. ತಗ್ಗಿನ ಒಣಸೀಮೆಯ ಪಾಂಡರೋಸಾ ಪೈನ್ ದಪ್ಪ ತೊಗಟೆಯ ಮರ. ಹುಲ್ಲನ್ನೂ ತರಗನ್ನೂ ಸುಡುತ್ತ ನೆಲದ ಮೇಲೆ ಹರಿದುಹೋಗುವ ಕಿರುಬೆಂಕಿಗೆ ಅದು ಸಾಯುವುದಿಲ್ಲ. ಬದುಕಿದ ಮರವೇ ಬೀಜ ಉದುರಿಸುತ್ತದೆ. ಎತ್ತರದ ತಂಪುಸೀಮೆಯ ಲಾಜ್‌ಪೋಲ್ ಪೈನ್ ತೆಳುತೊಗಟೆಯ ಮರ. ಮೂಲನಿವಾಸಿಗಳು ಇದರ ನೀಳವಾದ ಕಾಂಡವನ್ನು ಗುಡಾರಗಳಿಗೆ ಗಳುವಾಗಿ ಬಳಸುತ್ತಿದ್ದುದರಿಂದ ಈ ಹೆಸರು ಬಂದಿತು. ಬೆಂಕಿ ಬಂದರೆ ಇದು ಸಾಯುವುದು ನಿಶ್ಚಯ. ಆದರೆ ಇದರ ಎಷ್ಟೋ ಮರಗಳಲ್ಲಿ ಕಾಯಿಯ ಹಲ್ಲೆಗಳು ರಾಳದಿಂದ ಬಿಗಿದುಕೊಂಡು, ಬೀಜವು ಒಳಗೇ ದಶಕಗಟ್ಟಲೆ ಸಜೀವವಾಗಿ ಕಾದಿರುತ್ತದೆ. ಉಷ್ಣವು 45ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿದಾಗ ರಾಳ ಕರಗಿ ಕಾಯಿ ಬಿರಿಯುತ್ತದೆ; ತಾಯಿಮರದ ಚಿತೆಯಾರಿದ ಬಿಸಿಬೂದಿಯ ಮೇಲೆ ಬೀಜ ಉದುರುತ್ತದೆ. ಡಗ್ಲಸ್ ಫರ್ ಮೊದಲಾದ ಮರಗಳಿಗೆ ಇಂಥ ಭಂಡಾರವಿಲ್ಲ. ಸುಡದೆ ಉಳಿದ ಅಂಚಿನ ಮರಗಳಿಂದ ಗಾಳಿಯೇ ಬೀಜ ತರಬೇಕು, ಆ ಗಾಳಿ ನೂರಿನ್ನೂರು ಮೀಟರುಗಳಾಚೆಗೆ ಹೆಚ್ಚು ಬೀಜವನ್ನು ಒಯ್ಯಲಾರದು. ಬಿಳಿತೊಗಟೆಯ ಪೈನಿಗೆ ಮಾತ್ರ ಒಂದು ಹಕ್ಕಿಯ ಸಹಾಯವುಂಟು. ಅದು ಮೈಲಿಗಟ್ಟಲೆ ದೂರ ಬೀಜ ಹೊತ್ತು ಹೂತಿಡುತ್ತದೆ. ಮರೆತು ಬಿಟ್ಟದ್ದು ಮರವಾಗುತ್ತದೆ.

1910ರ ಬೂದಿಯ ಮೇಲೆ ಕಾಡು ಬಹುಮಟ್ಟಿಗೆ ಮರಳಿ ಬಂದಿತು. ಆದರೆ ಎಲ್ಲೆಡೆಯೂ ಬರಲಿಲ್ಲ. ಐಡಾಹೋದ ಕ್ಲಿಯರ್‌ವಾಟರ್ ನದಿಯ ಕಣಿವೆಗಳಲ್ಲಿ 1910ರಲ್ಲಿ ಸುಟ್ಟ ನೆಲದ ಎಷ್ಟೋ ಭಾಗವು 1919ರಲ್ಲಿಯೂ 1934ರಲ್ಲಿಯೂ ಮತ್ತೆ ಸುಟ್ಟಿತು. ಮೊದಲ ಬೆಂಕಿಯ ತರುವಾಯ ಹುಟ್ಟಿದ ಎಳೆಮರಗಳು ಬೀಜ ಕಟ್ಟುವ ಮೊದಲೇ ಎರಡನೆಯ ಬೆಂಕಿಗೆ ತುತ್ತಾದುವು. ಅಲ್ಲಿ ಮುಂದೆ ಬೆಳೆದದ್ದು ಬುಡದಿಂದ ಚಿಗುರಬಲ್ಲ ಪೊದೆಗಾಡು. ಎಲ್ಕ್ ಎಂಬ ದೊಡ್ಡ ಕಡವೆಗಳಿಗೆ ಅದು ಹಬ್ಬವಾಯಿತು, ಬೇಟೆಗಾರರು ಹಿಗ್ಗಿದರು. ಪೈನ್ ಕಾಡು ಮಾತ್ರ ದಶಕಗಳವರೆಗೆ ಹಿಂದಿರುಗಲಿಲ್ಲ. ಎರಡು ಬೆಂಕಿಗಳ ನಡುವಣ ಅವಧಿಯು ಬೆಂಕಿಯ ಉಗ್ರತೆಯಷ್ಟೇ ಮುಖ್ಯವೆಂಬ ಪಾಠ ಅಲ್ಲಿಯೇ, ಕಣ್ಣೆದುರಿಗೇ ಇತ್ತು. ಅದನ್ನು ಓದಿಕೊಂಡವರು ವಿರಳ.

1934ರ ಬೆಂಕಿಗಳು ಸೆಲ್ವೇ ಅರಣ್ಯವನ್ನು ಸುಟ್ಟುಹಾಕಿದ ಮರುವರ್ಷವೇ ಎಲರ್ಸ್ ಕಾಚ್‌ನು ಅರಣ್ಯಶಾಸ್ತ್ರದ ಪತ್ರಿಕೆಯೊಂದರಲ್ಲಿ ಲೋಲೋ ಕಾಲುಹಾದಿಯ ಅವಸಾನವನ್ನು ಕುರಿತು ಲೇಖನವೊಂದನ್ನು ಬರೆದನು. ನೆಜ್ ಪರ್ಸ್ ಜನರು ತುಳಿದು ಮಾಡಿದ, 1805ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಹಾದುಹೋದ ಹಾದಿ ಅದು. ಬೆಂಕಿಯಾರಿಸಲೆಂದು ಅಲ್ಲಿ ಮೋಟಾರು ರಸ್ತೆಗಳನ್ನೂ ತಂತಿಗಳನ್ನೂ ಕಾವಲುಗೋಪುರಗಳನ್ನೂ ಕಟ್ಟಿದ್ದಾಯಿತು, ಹಣ ನೀರಿನಂತೆ ಹರಿಯಿತು, ಕಾಡಿನ ಏಕಾಂತ ಹಾಳಾಯಿತು; ಇಷ್ಟಾದರೂ ಮಹಾದಹನ ಬಂದಾಗ ಏನನ್ನೂ ತಡೆಯಲಾಗಲಿಲ್ಲ ಎಂಬುದು ಅವನ ವಾದದ ಸಾರ. ಆ ದುರ್ಗಮ ಸೀಮೆಯನ್ನು ಅದರ ಪಾಡಿಗೆ ಬಿಡುವುದೇ ಲೇಸೆಂದು ಅವನು ಹೇಳಿದನು. ಖಾತೆಯ ನೌಕರನೊಬ್ಬನು ಹೀಗೆ ಬಹಿರಂಗವಾಗಿ ಬರೆಯುವುದಕ್ಕೆ ಆ ಕಾಲದಲ್ಲಿ ಎದೆಗಾರಿಕೆ ಬೇಕಾಗಿತ್ತು.

ಆಗ ಖಾತೆಯ ಮುಖ್ಯಸ್ಥನಾಗಿದ್ದವನು ಅದೇ ಸಿಲ್ಕಾಕ್ಸ್. ಅದೇ 1935ರಲ್ಲಿ ಅವನು ಹೊರಡಿಸಿದ ಆಜ್ಞೆಗೆ ಮುಂಜಾನೆ ಹತ್ತು ಗಂಟೆಯ ನೀತಿಯೆಂದು ಹೆಸರಾಯಿತು. ಎಲ್ಲಿಯೇ ಬೆಂಕಿ ಕಾಣಿಸಲಿ, ಮರುದಿನ ಮುಂಜಾನೆ ಹತ್ತು ಗಂಟೆಯೊಳಗೆ ಅದನ್ನು ಹತೋಟಿಗೆ ತರತಕ್ಕದ್ದು, ತಪ್ಪಿದರೆ ಅದರ ಮರುದಿನ ಹತ್ತು ಗಂಟೆಯೊಳಗೆ, ಹೀಗೆ ಆರುವವರೆಗೂ. ಸಿಲ್ಕಾಕ್ಸನನ್ನು ಕೇವಲ ಹಟಮಾರಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸುಟ್ಟ ಶವಗಳ ಲೆಕ್ಕವಿಡಬೇಕಾಗಿದ್ದ ಕಚೇರಿಯಲ್ಲಿ ತಾರುಣ್ಯವನ್ನು ಕಳೆದವನು ಬೇರೆ ರೀತಿ ಯೋಚಿಸುವುದು ಕಷ್ಟವಾಗಿತ್ತು. 1940ರಿಂದ ವಿಮಾನದಿಂದ ಧುಮುಕಿ ಬೆಂಕಿಯಾರಿಸುವ ಪಡೆ ಬಂದಿತು. 1944ರಿಂದ ಟೊಪ್ಪಿಗೆ ತೊಟ್ಟ ಕರಡಿಯೊಂದರ ಚಿತ್ರವು ಗೋಡೆಗೋಡೆಯ ಮೇಲೂ ಬೆಂಕಿಯ ವಿರುದ್ಧ ಎಚ್ಚರಿಸತೊಡಗಿತು.

ಇತ್ತ ತಗ್ಗಿನ ಪಾಂಡರೋಸಾ ಕಾಡುಗಳಲ್ಲಿ ಬೇರೊಂದು ವಿಪರೀತ ಸದ್ದಿಲ್ಲದೆ ಬೆಳೆಯುತ್ತಿತ್ತು. ಆ ಮರಗಳ ಕಾಂಡದಲ್ಲಿ ಹಳೆಯ ಬೆಂಕಿಗಳ ಗಾಯದ ಗುರುತುಗಳು ವಾರ್ಷಿಕ ವಲಯಗಳ ನಡುವೆ ಉಳಿದಿರುತ್ತವೆ. ಅವುಗಳನ್ನೆಣಿಸಿದರೆ ಶತಮಾನಗಳ ಬೆಂಕಿಯ ಪಂಚಾಂಗವೇ ದೊರೆಯುತ್ತದೆ. ಕೆಲವು ವರ್ಷಗಳಿಗೊಮ್ಮೆ ಕಿರುಬೆಂಕಿ ಹರಿದು ಕಾಡು ಬಿಡಿಬಿಡಿಯಾಗಿ ಇರುತ್ತಿತ್ತೆಂದೂ ಆ ಬೆಂಕಿಗಳಲ್ಲಿ ಮೂಲನಿವಾಸಿಗಳೇ ಬೇಕೆಂದು ಇಟ್ಟವು ಎಷ್ಟೋ ಇದ್ದುವೆಂದೂ ಈಗ ಒಪ್ಪಿತವಾಗಿದೆ. ಆ ಪದ್ಧತಿಯನ್ನು ಅನುಸರಿಸಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಹೇಳಿದಾಗ, ಪಾಯೂಟ್ ಜನರ ಅರಣ್ಯಶಾಸ್ತ್ರವೆಂದು ಅಧಿಕಾರಿವರ್ಗ ಅದನ್ನು ಹಾಸ್ಯಮಾಡಿತು. 1943ರಲ್ಲಿ ಹೆರಾಲ್ಡ್ ವೀವರ್ ಎಂಬ ಅರಣ್ಯಾಧಿಕಾರಿಯು ಬೆಂಕಿಯನ್ನು ತಡೆದುದರಿಂದಲೇ ಈ ಕಾಡುಗಳು ಕಿಕ್ಕಿರಿದು ರೋಗಗ್ರಸ್ತವಾಗುತ್ತಿವೆಯೆಂದು ಬರೆದನು. ಹತ್ತಿಕ್ಕಿದ ಪ್ರತಿಯೊಂದು ಕಿರುಬೆಂಕಿಯೂ ಮುಂದಿನ ಮಹಾದಹನಕ್ಕೆ ಸೌದೆಯನ್ನು ಒಟ್ಟುತ್ತಿತ್ತು.

1963ರಲ್ಲಿ ಸ್ಟಾರ್ಕರ್ ಲಿಯೋಪೋಲ್ಡನ ಅಧ್ಯಕ್ಷತೆಯ ಸಮಿತಿಯು ರಾಷ್ಟ್ರೀಯ ಉದ್ಯಾನಗಳಲ್ಲಿ ಬೆಂಕಿಗೂ ಸ್ಥಾನವಿರಬೇಕೆಂದು ಹೇಳಿದ ಮೇಲೆ ಗಾಳಿ ತಿರುಗಿತು. 1886ರಲ್ಲಿ ಸೈನ್ಯದ ತುಕಡಿ ಬಂದಿಳಿದಂದಿನಿಂದ ಬೆಂಕಿಯನ್ನು ಆರಿಸುತ್ತಲೇ ಬಂದಿದ್ದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ, 1972ರಿಂದ ಸಿಡಿಲಿನಿಂದ ಹತ್ತಿದ ಬೆಂಕಿಯನ್ನು ಅಪಾಯವಿಲ್ಲದ ಕಡೆ ಉರಿಯಲು ಬಿಡಲಾಯಿತು. 1987ರವರೆಗೆ ಹೀಗೆ ಬಿಟ್ಟ ಬೆಂಕಿಗಳು 235. ಸುಟ್ಟದ್ದು ಸುಮಾರು 34 ಸಾವಿರ ಎಕರೆ ಮಾತ್ರ. ಸುಮಾರು 22 ಲಕ್ಷ ಎಕರೆ ವಿಸ್ತಾರದ ಉದ್ಯಾನಕ್ಕೆ ಇದು ಲೆಕ್ಕವೇ ಅಲ್ಲ. ಬೆಂಕಿಯೂ ಸಭ್ಯವಾಗಿ ವರ್ತಿಸುತ್ತದೆಂಬ ನಂಬಿಕೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

1988ರ ಬೇಸಗೆ ಆ ಉದ್ಯಾನದ ದಾಖಲೆಯಲ್ಲಿಯೇ ಅತ್ಯಂತ ಒಣಬೇಸಗೆ. ಜುಲೈ 21ರಂದು ಎಲ್ಲ ಬೆಂಕಿಗಳನ್ನೂ ಆರಿಸಬೇಕೆಂದು ನಿರ್ಧರಿಸಿದಾಗ ಸುಟ್ಟದ್ದು 17 ಸಾವಿರ ಎಕರೆ. ಅದರ ಮರುದಿನವೇ ಉದ್ಯಾನದ ಗಡಿಯಾಚೆ ಮರ ಕಡಿಯುವವನೊಬ್ಬನ ಸಿಗರೇಟಿನಿಂದ ಇನ್ನೊಂದು ಬೆಂಕಿ ಹುಟ್ಟಿತು. ಅದನ್ನು ಮೊದಲ ದಿನದಿಂದಲೂ ಆರಿಸಲು ಹೆಣಗಿದರೂ ಅದೇ ಎಲ್ಲಕ್ಕಿಂತ ದೊಡ್ಡ ಬೆಂಕಿಗಳಲ್ಲೊಂದಾಗಿ ಬೆಳೆದದ್ದು ವಾದಿಗಳಿಬ್ಬರನ್ನೂ ಪೇಚಿಗೆ ಸಿಕ್ಕಿಸುವ ಸಂಗತಿ. ಆಗಸ್ಟ್ 20ರ ಒಂದೇ ದಿನ ಒಂದೂವರೆ ಲಕ್ಷ ಎಕರೆಗೂ ಹೆಚ್ಚು ಕಾಡು ಉರಿಯಿತು. ಒಟ್ಟು 25 ಸಾವಿರ ಜನ ದುಡಿದರು, 12 ಕೋಟಿ ಡಾಲರು ವೆಚ್ಚವಾಯಿತು. ಕೊನೆಗೆ ಬೆಂಕಿಯ ಕೊರಳನ್ನು ಅದುಮಿದ್ದು ಸೆಪ್ಟೆಂಬರ್ 11ರಂದು ಬಿದ್ದ ಕಾಲು ಅಂಗುಲದ ಮಳೆ ಮತ್ತು ಹಿಮ. ಉದ್ಯಾನದಲ್ಲಿ 7,93,880 ಎಕರೆ, ಎಂದರೆ ನೂರಕ್ಕೆ 36 ಪಾಲು, ಬೆಂಕಿಯ ದಾರಿಗೆ ಸಿಕ್ಕಿತ್ತು. ಯೆಲ್ಲೋಸ್ಟೋನ್ ಮುಗಿಯಿತೆಂದು ವೃತ್ತಪತ್ರಿಕೆಗಳು ಶೋಕಿಸಿದುವು. ಉರಿಯಲು ಬಿಟ್ಟ ನೀತಿಯ ವಿರುದ್ಧ ಶಾಸನಸಭೆಯಲ್ಲಿ ಕೂಗೆದ್ದಿತು.

ಆಮೇಲಿನ ಕಥೆ ಶೋಕಿಸಿದವರನ್ನು ನಾಚಿಸಿತು. ಉದ್ಯಾನದ ಕಾಡಿನಲ್ಲಿ ನೂರಕ್ಕೆ ಸುಮಾರು 80 ಪಾಲು ಲಾಜ್‌ಪೋಲ್ ಪೈನ್. ಇಂಥ ದಹನವು ಆ ಎತ್ತರದ ಸೀಮೆಗೆ ಹೊಸದಲ್ಲವೆಂದು ವಿಲಿಯಂ ರಾಮಿ ಎಂಬ ವಿದ್ವಾಂಸನು 1982ರಲ್ಲಿಯೇ ತೋರಿಸಿದ್ದನು. 1700ರ ಸುಮಾರಿನಲ್ಲಿಯೂ ಅಲ್ಲಿ ವಿಶಾಲವಾದ ಬೆಂಕಿಗಳು ಹಬ್ಬಿದ್ದುವು. ನೂರರಿಂದ ಮುನ್ನೂರು ವರ್ಷಗಳಿಗೊಮ್ಮೆ ಬರುವ ಅತಿಥಿಯದು. ಈ ಬಾರಿಯೂ ಬಿಗಿದ ಕಾಯಿಗಳು ಬಿರಿದುವು. ರಾಮಿ ಮತ್ತು ಮೋನಿಕಾ ಟರ್ನರ್ ಮೊದಲಾದವರು ನೆಲದ ಮೇಲೆ ಸಸಿಗಳನ್ನೆಣಿಸಿದಾಗ, ಕೆಲವೆಡೆ ಒಂದೂ ಇಲ್ಲ, ಕೆಲವೆಡೆ ಹೆಕ್ಟೇರಿಗೆ ಐದು ಲಕ್ಷಕ್ಕೂ ಮೀರಿ! ಬಿಗಿದ ಕಾಯಿ ಬಿಡುವ ಮರಗಳು ಹಿಂದೆ ಎಷ್ಟಿದ್ದುವೆಂಬುದನ್ನು ಈ ವ್ಯತ್ಯಾಸ ಬಹುಮಟ್ಟಿಗೆ ಅನುಸರಿಸಿತ್ತು. ಹಿಂದೆ ಕಾಣದಿದ್ದ ಕಡೆ ಆಸ್ಪೆನ್ ಸಸಿಗಳೂ ಕಾಣಿಸಿಕೊಂಡುವು. ಮನುಷ್ಯರು ನೆಟ್ಟದ್ದಲ್ಲ, ಕಾಡು ತಾನಾಗಿ ಎದ್ದಿತು. ಕಾಚ್‌ನು 1954ರಲ್ಲಿ ತೀರಿಕೊಂಡಿದ್ದನು. ಇದನ್ನು ನೋಡಲು ಉಳಿದಿರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಬೆಂಕಿಯ ಮಿತ್ರರು ಗೆದ್ದಂತೆ. ಆದರೆ ಅವರ ಗೆಲುವು ಎರಡು ಸಂಗತಿಗಳನ್ನು ಹೇಳದೆಯೇ ಒಪ್ಪಿಕೊಂಡಿತ್ತು: ಮುಂದಿನ ಬೆಂಕಿ ಬರುವುದಕ್ಕೆ ಶತಮಾನ ಹಿಡಿಯುತ್ತದೆ, ಬೆಂಕಿಯ ಬೆನ್ನಲ್ಲೇ ಬರುವ ಬೇಸಗೆಗಳು ಸಸಿ ಬದುಕುವಷ್ಟು ತಂಪಾಗಿರುತ್ತವೆ. ವಾಯುಗುಣ ಬದಲಾಗುತ್ತ ಬಂದಂತೆ ಎರಡೂ ಸಡಿಲಗೊಂಡುವು.

ಎರಡನೆಯದನ್ನು ಮೊದಲು ನೋಡಬಹುದು. ದೊಡ್ಡ ಮರ ಆಳಕ್ಕೆ ಬೇರಿಳಿಸಿ ಹತ್ತಾರು ಅನಾವೃಷ್ಟಿಗಳನ್ನು ನುಂಗಿಕೊಳ್ಳುತ್ತದೆ. ಒಂದು ವರ್ಷದ ಸಸಿಯ ಬೇರು ಕೆಲವು ಅಂಗುಲ ಮಾತ್ರ. ಸುಟ್ಟು ಕರ್ರಗಾದ, ನೆರಳಿಲ್ಲದ ನೆಲ ಬಿಸಿಲಿಗೆ ಕಾಯ್ದರೆ ಅದು ಅಲ್ಲೇ ಬಾಡುತ್ತದೆ. ಆದುದರಿಂದ ಇನ್ನೂರು ವರ್ಷದ ಪೈನ್ ಹಸುರಾಗಿ ನಿಂತ ಬೆಟ್ಟದಲ್ಲಿಯೇ ಅದರ ಸಸಿ ಹುಟ್ಟಲಾರದ ಸ್ಥಿತಿ ಒದಗಬಹುದು. ಹಳೆಯ ಕಾಡು ಹಳೆಯ ವಾಯುಗುಣದ ಆಸ್ತಿಯಾಗಿ ನಿಂತಿರುತ್ತದೆ. ಬೆಂಕಿ ಬಿದ್ದು ಅದು ಹೋದ ದಿನವೇ ಹೊಸ ವಾಯುಗುಣದ ತೀರ್ಪು ಹೊರಬೀಳುತ್ತದೆ. ಕ್ಯಾಮಿಲ್ ಸ್ಟೀವನ್ಸ್-ರೂಮನ್ ಮತ್ತು ಜೊತೆಗಾರರು ರಾಕಿ ಪರ್ವತಪ್ರಾಂತದ 52 ಕಾಳ್ಗಿಚ್ಚುಗಳಿಗೆ ಸೇರಿದ 1485 ಸ್ಥಳಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಸುಟ್ಟ ಸ್ಥಳಗಳಲ್ಲಿ ಸಸಿಯೇ ಇಲ್ಲದವು ನೂರಕ್ಕೆ 19, 2000ದ ತರುವಾಯ ಸುಟ್ಟವುಗಳಲ್ಲಿ ನೂರಕ್ಕೆ 32. ಮರುವರ್ಷ ಕಿಂಬರ್ಲಿ ಡೇವಿಸ್ ಮತ್ತು ಸಂಗಡಿಗರು ಎಳೆಮರಗಳ ವಲಯಗಳನ್ನೆಣಿಸಿ, ಯಾವ ವರ್ಷ ಎಷ್ಟು ಹುಟ್ಟಿದುವೆಂದು ಗೊತ್ತುಮಾಡಿದರು. ಪಾಂಡರೋಸಾ ಮತ್ತು ಡಗ್ಲಸ್ ಫರ್ ಮರಗಳ ತಗ್ಗುಸೀಮೆಯಲ್ಲಿ ಗಾಳಿಯ ಶುಷ್ಕತೆ, ಮಣ್ಣಿನ ತೇವ, ನೆಲದ ಉಷ್ಣ ಇವು ಒಂದು ಮಿತಿಯನ್ನು ದಾಟಿದೊಡನೆ ಸಸಿಗಳ ಹುಟ್ಟು ಥಟ್ಟನೆ ಕುಸಿಯುತ್ತದೆಂದೂ, ಎಷ್ಟೋ ಸ್ಥಳಗಳು ಕಳೆದ ಕೆಲವು ದಶಕಗಳಲ್ಲಿ ಆ ಮಿತಿಯನ್ನು ದಾಟಿವೆಯೆಂದೂ ಅವರು ಕಂಡುಕೊಂಡರು. ಬೀಜದ ಪ್ರಶ್ನೆಯೂ ಇದರೊಡನೆ ಕೂಡಿಕೊಳ್ಳುತ್ತದೆ. 2002ರಲ್ಲಿ ಕೊಲರಾಡೋದ ಹೇಮನ್ ಬೆಂಕಿಯು ಸುಮಾರು 1,38,000 ಎಕರೆಯಲ್ಲಿ ಹರಡಿ, ವಿಶಾಲವಾದ ಹರಹುಗಳಲ್ಲಿ ಒಂದು ಪಾಂಡರೋಸಾವನ್ನೂ ಉಳಿಸದೆ ಕೊಂದಿತು. ಆ ಹರಹುಗಳ ನಡುವೆ ಬೀಜ ತಲಪುವುದೇ ಕಷ್ಟ. ದಶಕಗಳಷ್ಟು ಹತ್ತಿಕ್ಕಿ ಒಟ್ಟಿದ ಸೌದೆಯ ಫಲವೂ ಅಲ್ಲಿ ಕಂಡಿತು.

ಅವಧಿಯ ಸಂಗತಿ ಯೆಲ್ಲೋಸ್ಟೋನಿನಲ್ಲಿಯೇ ಹೊರಬಿತ್ತು. ಉಷ್ಣ ಹೀಗೆಯೇ ಏರಿದರೆ ಈ ಶತಮಾನದ ನಡುವಿನ ಹೊತ್ತಿಗೆ ಅಲ್ಲಿ ಬೆಂಕಿಯ ಆವರ್ತನವು ಮೂವತ್ತು ವರ್ಷಗಳಿಗಿಂತ ಕಡಮೆಯಾದೀತೆಂದು ಆಂಟನಿ ವೆಸ್ಟರ್ಲಿಂಗ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಗಣಿಸಿ ಹೇಳಿದ್ದರು. ಐದೇ ವರ್ಷಗಳಲ್ಲಿ, 2016ರ ಬೇಸಗೆಯಲ್ಲಿ, ಮೇಪಲ್ ಎಂದು ಹೆಸರಿಟ್ಟ ಬೆಂಕಿಯು 1988ರ ಬೂದಿಯಿಂದ ಎದ್ದಿದ್ದ 28 ವರ್ಷದ ಎಳೆಗಾಡನ್ನು ಹೊಕ್ಕಿತು. ನೆರೆಯ ಬೆರ್ರಿ ಬೆಂಕಿಯು 28 ವರ್ಷದ ಕಾಡಿನ ಜೊತೆಗೆ 16 ವರ್ಷದ ಕಾಡನ್ನೂ ಸುಟ್ಟಿತು. ಇಷ್ಟು ಎಳೆಯ ಹಸಿಕಾಡು ಬೆಂಕಿಯನ್ನು ತಡೆಯುತ್ತದೆಂಬ ಹಿಂದಿನ ಎಣಿಕೆ ಹುಸಿಯಾಯಿತು. ಟರ್ನರ್ ಮತ್ತು ತಂಡದವರು ಹೋಗಿ ನೋಡಿದಾಗ, ಕೆಲವೆಡೆ ಎಳೆಮರಗಳು ಬುಡದ ಮೊಳೆಯಷ್ಟೇ ಉಳಿಯುವಂತೆ ಉರಿದುಹೋಗಿದ್ದುವು. 1988ರಲ್ಲಿ ಸತ್ತು ಬಿದ್ದಿದ್ದ ದಿಮ್ಮಿಗಳು ಪೂರ್ತಿ ಸುಟ್ಟು, ದಿಮ್ಮಿಯ ಆಕಾರದ ಗುರುತು ಮಾತ್ರ ನೆಲದ ಮೇಲೆ ಉಳಿದಿತ್ತು. ಮೊದಲ ಬೆಂಕಿಯ ತರುವಾಯ ಹುಟ್ಟಿದ್ದಕ್ಕೆ ಹೋಲಿಸಿದರೆ ಸಸಿಗಳು ಆರರಲ್ಲಿ ಒಂದು ಪಾಲಿಗೆ ಇಳಿದಿದ್ದುವು. ಕಾಯಿಯ ಭಂಡಾರ ತುಂಬುವುದಕ್ಕೆ ದಶಕಗಳು ಬೇಕು. ಭಂಡಾರ ತುಂಬುವ ಮೊದಲೇ ಅದನ್ನು ಒಡೆದಂತಾಯಿತು. ಕ್ಲಿಯರ್‌ವಾಟರ್ ಕಣಿವೆಯಲ್ಲಿ 1919ರಲ್ಲಿ ಆದದ್ದೂ ಇದೇ. ಅಂದು ಅದು ಒಂದು ಕಣಿವೆಯ ದುರದೃಷ್ಟವೆನಿಸಿತ್ತು.

ಈ ತುಲನೆಯಲ್ಲಿ ಅತಿಶಯೋಕ್ತಿಗೆ ಎಡೆಗೊಡಬಾರದು. ಆರರಲ್ಲಿ ಒಂದು ಪಾಲೆಂದರೂ ಅದು ಶೂನ್ಯವಲ್ಲ. ತಂಪಾದ ಉತ್ತರದಿಕ್ಕಿನ ಇಳಿಜಾರುಗಳಲ್ಲಿಯೂ, ಬೀಜದ ಮರ ಸಮೀಪವಿರುವ ಕಡೆಗಳಲ್ಲಿಯೂ ಕಾಡು ಇಂದಿಗೂ ಚೆನ್ನಾಗಿ ಮರಳುತ್ತಿದೆ. ಬೆಂಕಿಯನ್ನೆಲ್ಲ ಆರಿಸಿಬಿಡಬೇಕೆಂಬ ಸಿಲ್ಕಾಕ್ಸನ ಮಾತು ಇದರಿಂದ ನಿಜವಾಗುವುದಿಲ್ಲ. ತಗ್ಗಿನ ಪಾಂಡರೋಸಾ ಕಾಡಿಗೆ ಕಿರುಬೆಂಕಿ ಈಗಲೂ ಬೇಕು, ಇಲ್ಲವಾದರೆ ಹೇಮನ್ನಿನಂಥ ಮಹಾದಹನ ಕಾದಿರುತ್ತದೆ. ಎತ್ತರದ ಲಾಜ್‌ಪೋಲ್ ಕಾಡಿಗೆ ಬೇಕಾದದ್ದು ಎರಡು ಬೆಂಕಿಗಳ ನಡುವೆ ಒಂದು ಪುರುಷಾಂತರಕ್ಕೂ ಮಿಗಿಲಾದ ಬಿಡುವು. ಅದನ್ನು ಕೊಡುವುದು ಯಾವ ಖಾತೆಯ ಆಜ್ಞೆಯ ಕೈಯಲ್ಲಿಯೂ ಇಲ್ಲ.

ಕಾಚ್‌ನ ಇನ್ನೊಂದು ಕಸಬು, ಸಸಿ ಬೆಳಸುವುದು, ಮತ್ತೆ ಮುಂದಕ್ಕೆ ಬಂದಿದೆ. 2021ರಲ್ಲಿ ಅಮೇರಿಕಾ ಸರಕಾರವು ಕಾಡು ನೆಡುವುದಕ್ಕಾಗಿ ವರ್ಷಕ್ಕೆ ಮೂರು ಕೋಟಿ ಡಾಲರಿನ ಹಳೆಯ ಮಿತಿಯನ್ನು ಕಾಯಿದೆಯ ಮೂಲಕ ತೆಗೆದುಹಾಕಿತು. ಆದರೆ ಎಲ್ಲಿಯ ಬೀಜ ನೆಡಬೇಕು? ಅದೇ ಬೆಟ್ಟದ ಬೀಜವೋ, ಇನ್ನೂ ತಗ್ಗಿನ, ಹೆಚ್ಚು ಸೆಕೆಗೆ ಹೊಂದಿಕೊಂಡ ಮರದ ಬೀಜವೋ? ನೆಟ್ಟ ಸಸಿ ಮೊದಲ ಮೂರು ಬೇಸಗೆಗಳನ್ನು ದಾಟುವ ಸ್ಥಳ ಯಾವುದು, ಪೊದೆಗೋ ಹುಲ್ಲಿಗೋ ಬಿಟ್ಟುಕೊಡಬೇಕಾದ ಸ್ಥಳ ಯಾವುದು? ಅರಣ್ಯಾಧಿಕಾರಿಗಳ ನಡುವೆ ಈಗ ನಡೆದಿರುವ ಚರ್ಚೆ ಇದು. ಬಿಳಿತೊಗಟೆಯ ಪೈನ್ ಮರವನ್ನು 2022ರ ಡಿಸೆಂಬರಿನಲ್ಲಿ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೆ ಸೇರಿಸಿದ್ದಾಗಿದೆ; ತುಕ್ಕುರೋಗ, ತೊಗಟೆ ಕೊರೆಯುವ ಹುಳು, ಬೆಂಕಿ, ಸೆಕೆ ನಾಲ್ಕೂ ಅದರ ಮೇಲೆ ಒಟ್ಟಿಗೆ ಬಿದ್ದಿವೆ.

1988ರಲ್ಲಿ ಹುಟ್ಟಿ 2016ರಲ್ಲಿ ಸುಡದೆ ಉಳಿದ ಲಾಜ್‌ಪೋಲ್ ಮರಗಳು ಯೆಲ್ಲೋಸ್ಟೋನಿನಲ್ಲಿ ಇನ್ನೂ ಲಕ್ಷೋಪಲಕ್ಷವಿವೆ. ಅವು ತಮ್ಮ ನಾಲ್ಕನೆಯ ದಶಕದಲ್ಲಿವೆ. ಕೊಂಬೆಗಳಲ್ಲಿ ರಾಳದಿಂದ ಬಿಗಿದ ಕಾಯಿಗಳು ವರ್ಷವರ್ಷಕ್ಕೂ ಕೂಡುತ್ತಿವೆ.